ಕೃತಕ ಮೂತ್ರಪಿಂಡ ಎಲ್ಲರದಾದ ಕಥೆ

1938ರಲ್ಲಿ ನೆದರ್ಲೆಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ 22 ವರ್ಷದ ಒಬ್ಬ ರೈತನ ಮಗ ದಾಖಲಾದ. ಅವನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತಾ ಬಂದಿದ್ದವು. ತಲೆನೋವು, ನಿಲ್ಲದ ವಾಂತಿ, ಮಂಜಾಗುತ್ತಿದ್ದ ಕಣ್ಣು. ಅವನನ್ನು ನೋಡಿಕೊಳ್ಳುತ್ತಿದ್ದವರು ವಿಲೆಮ್ ಕೋಲ್ಫ್ ಎಂಬ ಯುವ ವೈದ್ಯರು. ಹೊಲದ ದುಡಿಮೆಯಿಂದ ಬೆನ್ನು ಬಾಗಿದ್ದ ಆ ಹುಡುಗನ ತಾಯಿಯನ್ನು ಕರೆದು, ನಿಮ್ಮ ಒಬ್ಬನೇ ಮಗ ಬದುಕುವುದಿಲ್ಲ, ನಮ್ಮಿಂದ ಏನೂ ಮಾಡಲಾಗದು ಎಂದು ಹೇಳುವ ಕೆಲಸ ಅವರ ಪಾಲಿಗೆ ಬಂತು.

ಆ ಕಾಲದಲ್ಲಿ ಲೋಕದ ಯಾವ ವೈದ್ಯರೂ ಅದಕ್ಕಿಂತ ಹೆಚ್ಚೇನೂ ಹೇಳುವಂತಿರಲಿಲ್ಲ. ಮೂತ್ರಪಿಂಡ ಸೋತರೆ ಯೂರಿಯಾ ಮುಂತಾದ ಕಲ್ಮಶಗಳು ರಕ್ತದಲ್ಲೇ ಉಳಿಯುತ್ತವೆ, ರೋಗಿ ಮಂಪರಿಗೆ ಜಾರುತ್ತಾನೆ, ಕೆಲವು ದಿನಗಳಲ್ಲಿ ಸಾಯುತ್ತಾನೆ. ಕೋಲ್ಫ್ ಮಾತ್ರ ಒಂದು ಸರಳ ಲೆಕ್ಕ ಹಾಕಿದರು. ಆ ಹುಡುಗನ ರಕ್ತದಿಂದ ದಿನಕ್ಕೆ ಸುಮಾರು 20 ಗ್ರಾಂ ಯೂರಿಯಾವನ್ನು ಹೊರಗಿನಿಂದಲೇ ತೆಗೆಯಲು ಸಾಧ್ಯವಾದರೆ ಅವನ ವಾಂತಿ ನಿಲ್ಲುತ್ತದೆ, ಅವನು ಬದುಕಿರುತ್ತಾನೆ. ಹುಡುಗ ಉಳಿಯಲಿಲ್ಲ. ಲೆಕ್ಕ ಉಳಿಯಿತು.

ಇಂದು ವಾರಕ್ಕೆರಡು ಮೂರು ಬಾರಿ ಡಯಾಲಿಸಿಸ್‌ಗೆಂದು ಊರಿನ ಬಸ್ಸು ಹತ್ತುವ ಪ್ರತಿಯೊಬ್ಬರ ಬದುಕೂ ಆ ಲೆಕ್ಕಕ್ಕೆ ಋಣಿ. ಆದರೆ ಗ್ರೋನಿಂಗನ್‌ನ ಆ ವಾರ್ಡಿನಿಂದ ಇಂದಿನ ಡಯಾಲಿಸಿಸ್ ಕೇಂದ್ರದವರೆಗಿನ ದಾರಿಯನ್ನು ಕಟ್ಟಿದ್ದು ಯಂತ್ರವೊಂದೇ ಅಲ್ಲ. ಯಂತ್ರ ಸಿದ್ಧವಾದ ಮೇಲೆ ಅದು ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಆ ಪ್ರಶ್ನೆಗೆ ಉತ್ತರ ಹುಡುಕಲು ಯಂತ್ರವನ್ನು ಕಟ್ಟುವಷ್ಟೇ ಕಾಲ ಹಿಡಿಯಿತು.

ಕೋಲ್ಫ್‌ಗೂ ಮೊದಲು

ಡಯಾಲಿಸಿಸ್‌ನ ತತ್ತ್ವ ಹಳೆಯದು. ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಮ್ 1861ರಲ್ಲೇ ಅದನ್ನು ವಿವರಿಸಿ ಹೆಸರಿಟ್ಟಿದ್ದರು. ರಾಗಿ ಹಿಟ್ಟನ್ನು ಜರಡಿ ಹಿಡಿದಂತೆ, ಸಣ್ಣ ಅಣುಗಳು ತೆಳುಪೊರೆಯ ರಂಧ್ರಗಳಲ್ಲಿ ದಾಟುತ್ತವೆ, ದೊಡ್ಡವು ಇಲ್ಲೇ ಉಳಿಯುತ್ತವೆ. ರಕ್ತವನ್ನು ಅಂಥ ಪೊರೆಯ ಒಂದು ಬದಿಗೂ ಉಪ್ಪುನೀರನ್ನು ಇನ್ನೊಂದು ಬದಿಗೂ ಇಟ್ಟರೆ ಯೂರಿಯಾ ನೀರಿನ ಕಡೆಗೆ ಹೋಗುತ್ತದೆ. ರಕ್ತಕಣಗಳೂ ಪ್ರೋಟೀನುಗಳೂ ರಕ್ತದಲ್ಲೇ ನಿಲ್ಲುತ್ತವೆ.

1913ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜಾನ್ ಏಬಲ್ ಮತ್ತು ಸಂಗಡಿಗರು ನಾಯಿಗಳ ರಕ್ತವನ್ನು ಕೊಲೋಡಿಯನ್ ಕೊಳವೆಗಳ ಮೂಲಕ ಹರಿಸಿ ಇದನ್ನು ಸಾಧಿಸಿ ತೋರಿಸಿದರು. ಹೊರಗೆ ಬಂದ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಅವರು ಬಳಸಿದ್ದು ಜಿಗಣೆಯಿಂದ ತೆಗೆದ ಹಿರುಡಿನ್. 1924ರಲ್ಲಿ ಜರ್ಮನಿಯ ಗೀಸೆನ್‌ನಲ್ಲಿ ಗೇಯೊರ್ಗ್ ಹಾಸ್ ಮೊದಲ ಬಾರಿಗೆ ಮನುಷ್ಯನ ಮೇಲೆ ಪ್ರಯೋಗ ನಡೆಸಿದರು. ಕೊಳವೆಗಳು ಒಡೆಯುತ್ತಿದ್ದವು, ಪೊರೆಯ ವಿಸ್ತಾರ ಸಾಲುತ್ತಿರಲಿಲ್ಲ, ಹಿರುಡಿನ್ ಕೆಲವರಿಗೆ ವಿಷವಾಗುತ್ತಿತ್ತು. ಹಾಸ್ ಕೊನೆಗೆ ಪ್ರಯತ್ನ ಕೈಬಿಟ್ಟರು.

ಕೋಲ್ಫ್ ಕೈಹಾಕುವ ಹೊತ್ತಿಗೆ ಎರಡು ವಸ್ತುಗಳು ಹೊಸದಾಗಿ ಬಂದಿದ್ದವು. ಒಂದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಶುದ್ಧ ಹೆಪಾರಿನ್. ಇನ್ನೊಂದು, ಮಾಂಸದ ಸಾಸೇಜ್ ತುಂಬಲು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಸೆಲೋಫೇನ್ ಕೊಳವೆ. ಗ್ರೋನಿಂಗನ್‌ನ ಜೀವರಸಾಯನ ಪ್ರಾಧ್ಯಾಪಕ ರಾಬರ್ಟ್ ಬ್ರಿಂಕ್‌ಮನ್ ಅವರಿಂದ ಸೆಲೋಫೇನ್‌ನ ಗುಣ ತಿಳಿದುಕೊಂಡ ಕೋಲ್ಫ್, ಒಂದು ತುಂಡು ಕೊಳವೆಯಲ್ಲಿ ರಕ್ತ ತುಂಬಿ, ಅದಕ್ಕೆ ಯೂರಿಯಾ ಬೆರೆಸಿ, ಉಪ್ಪುನೀರಿನಲ್ಲಿ ಮುಳುಗಿಸಿ ಅಲುಗಾಡಿಸಿದರು. ಕೆಲವೇ ನಿಮಿಷಗಳಲ್ಲಿ ಹೆಚ್ಚುಕಡಿಮೆ ಯೂರಿಯಾವೆಲ್ಲ ನೀರಿಗೆ ಇಳಿದಿತ್ತು. ಕೊಳವೆಯನ್ನು ಸಾಕಷ್ಟು ಉದ್ದ ಮಾಡಿ, ಪೊರೆಯೂ ನೀರೂ ನಿರಂತರ ಚಲಿಸುವಂತೆ ಮಾಡಿದರೆ ಆಯಿತು ಎಂಬುದು ಅವರಿಗೆ ಖಚಿತವಾಯಿತು.

ಯುದ್ಧದ ನಡುವೆ ಒಂದು ಯಂತ್ರ

1940ರ ಮೇ 10ರಂದು ಜರ್ಮನಿಯ ಸೇನೆ ನೆದರ್ಲೆಂಡ್ಸ್ ಮೇಲೆ ದಾಳಿ ಮಾಡಿತು. ಕುಟುಂಬದ ಅಂತ್ಯಕ್ರಿಯೆಯೊಂದಕ್ಕೆಂದು ಹೇಗ್ ನಗರಕ್ಕೆ ಬಂದಿದ್ದ ಕೋಲ್ಫ್, ಆಕಾಶದಲ್ಲಿ ಬಾಂಬರ್ ವಿಮಾನಗಳು ಸುತ್ತುವುದನ್ನು ಕಂಡು ನೇರವಾಗಿ ಅಲ್ಲಿನ ದೊಡ್ಡಾಸ್ಪತ್ರೆಗೆ ಹೋದರು. ರಕ್ತನಿಧಿ ಬೇಕೇ ಎಂದು ಕೇಳಿದರು. ಆಸ್ಪತ್ರೆಯವರು ಒಂದು ಕಾರನ್ನೂ ಕಾವಲಿಗೆ ಸೈನಿಕನನ್ನೂ ಕೊಟ್ಟರು. ಗುಂಡು ಹಾರುತ್ತಿದ್ದ ಬೀದಿಗಳಲ್ಲಿ ಸುತ್ತಾಡಿ ಬಾಟಲಿ, ಕೊಳವೆ, ಸಿಟ್ರೇಟ್ ಕೊಂಡು ತಂದು ನಾಲ್ಕು ದಿನಗಳಲ್ಲಿ ರಕ್ತನಿಧಿಯನ್ನು ಸಿದ್ಧಪಡಿಸಿದರು. ಯುರೋಪಿನ ಮುಖ್ಯ ಭೂಭಾಗದ ಮೊದಲ ರಕ್ತನಿಧಿಗಳಲ್ಲಿ ಅದೂ ಒಂದು.

ದೇಶ ಶರಣಾಯಿತು. ಗ್ರೋನಿಂಗನ್‌ನಲ್ಲಿ ಕೋಲ್ಫ್‌ರ ಗುರು, ಯಹೂದಿ ಪ್ರಾಧ್ಯಾಪಕ ಪೊಲಾಕ್ ಡೇನಿಯಲ್ಸ್, ನಾಜಿಗಳ ಕೈಗೆ ಸಿಗುವುದಕ್ಕಿಂತ ಸಾವೇ ಮೇಲೆಂದು ಪತ್ನಿಯೊಂದಿಗೆ ಪ್ರಾಣ ಕಳೆದುಕೊಂಡರು. ಅವರ ಸ್ಥಾನಕ್ಕೆ ನಾಜಿ ಬೆಂಬಲಿಗನೊಬ್ಬನ ನೇಮಕವಾಯಿತು. ಅವನ ಕೈಕೆಳಗೆ ದುಡಿಯಲು ಒಪ್ಪದ ಕೋಲ್ಫ್ ವಿಶ್ವವಿದ್ಯಾಲಯವನ್ನೇ ಬಿಟ್ಟು, 1941ರಲ್ಲಿ ಐಸೆಲ್ ನದಿಯ ದಂಡೆಯ ಕಾಂಪೆನ್ ಎಂಬ ಪುಟ್ಟ ಪಟ್ಟಣದ ಪುರಸಭೆಯ ಆಸ್ಪತ್ರೆಗೆ ಸೇರಿದರು.

ಕಾಂಪೆನ್‌ನಲ್ಲಿ ಸಂಶೋಧನಾಲಯವಿರಲಿಲ್ಲ. ಇದ್ದದ್ದು ಎನಾಮಲ್ ಪಾತ್ರೆ ತಯಾರಿಸುವ ಕಾರ್ಖಾನೆ ಮತ್ತು ಅದನ್ನು ನಡೆಸುತ್ತಿದ್ದ ಹೆಂಡ್ರಿಕ್ ಬೆರ್ಕ್ ಎಂಬ ಉತ್ಸಾಹಿ. ಇಬ್ಬರೂ ಸೇರಿ ಯಂತ್ರಕ್ಕೆ ರೂಪ ಕೊಟ್ಟರು. ಅಡ್ಡಲಾಗಿ ಮಲಗಿಸಿದ ಒಂದು ಪೀಪಾಯಿ. ಯುದ್ಧಕಾಲದಲ್ಲಿ ಲೋಹ ಸಿಗದಿದ್ದರಿಂದ ಅದನ್ನು ಮರದ ಪಟ್ಟಿಗಳಿಂದ ಕಟ್ಟಲಾಯಿತು. ಅದರ ಸುತ್ತ ಸುಮಾರು 20 ಮೀಟರ್ ಸೆಲೋಫೇನ್ ಕೊಳವೆ ಸುತ್ತಲಾಗಿತ್ತು. ಪೀಪಾಯಿಯ ಕೆಳಭಾಗ ಎನಾಮಲ್ ತೊಟ್ಟಿಯ ಉಪ್ಪುನೀರಿನಲ್ಲಿ ಮುಳುಗಿರುತ್ತಿತ್ತು. ಪೀಪಾಯಿ ತಿರುಗಿದಂತೆ ಕೊಳವೆಯೊಳಗಿನ ರಕ್ತ ತನ್ನಷ್ಟಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುತ್ತಿತ್ತು, ಪ್ರತಿ ಸುತ್ತಿಗೂ ಉಪ್ಪುನೀರಲ್ಲಿ ಅದ್ದಿ ಏಳುತ್ತಿತ್ತು. ತಿರುಗುವ ಪೀಪಾಯಿಗೆ ರಕ್ತ ಸೋರದಂತೆ ಕೊಳವೆ ಜೋಡಿಸುವುದು ಹೇಗೆ ಎಂಬ ಸಮಸ್ಯೆ ಉಳಿದಿತ್ತು. ಅದಕ್ಕೆ ಉಪಾಯ ಸಿಕ್ಕಿದ್ದು ಊರಿನ ಫೋರ್ಡ್ ಕಾರು ಮಾರಾಟಗಾರನ ಬಳಿ, ಕಾರಿನ ವಾಟರ್ ಪಂಪಿನ ಜೋಡಣೆಯಲ್ಲಿ.

1943ರ ಮಾರ್ಚ್ 17ರಂದು 29 ವರ್ಷದ ಒಬ್ಬ ಹೆಣ್ಣುಮಗಳಿಗೆ ಮೊದಲ ಚಿಕಿತ್ಸೆ ನಡೆಯಿತು. ಮೊದಲಿಗೆ ಅರ್ಧ ಲೀಟರಿನಷ್ಟೇ ರಕ್ತ. ಆಕೆ ತಡೆದುಕೊಂಡಳು. ಪ್ರತಿ ಬಾರಿಯೂ ಸ್ವಲ್ಪ ಹೆಚ್ಚಿಸುತ್ತ ಹೋದರು. ಆಕೆಯ ತಲೆ ತಿಳಿಯಾಯಿತು, ಮಾತು ಮರಳಿತು. ಆದರೆ ಪ್ರತಿ ಸಲವೂ ಹೊಸ ರಕ್ತನಾಳವನ್ನು ಕೊಯ್ದು ತೆರೆಯಬೇಕಿತ್ತು. ಒಮ್ಮೆ ಬಳಸಿದ ನಾಳ ಮತ್ತೆ ಕೆಲಸಕ್ಕೆ ಬರುತ್ತಿರಲಿಲ್ಲ. 12 ಬಾರಿ ಚಿಕಿತ್ಸೆಯಾದ ಮೇಲೆ ತೆರೆಯಲು ನಾಳಗಳೇ ಉಳಿಯಲಿಲ್ಲ. ಆಕೆ ತೀರಿಕೊಂಡಳು. ಯಂತ್ರ ಸೋತಿರಲಿಲ್ಲ, ಯಂತ್ರವನ್ನು ದೇಹಕ್ಕೆ ಜೋಡಿಸುವ ದಾರಿ ಮುಗಿದಿತ್ತು. ಈ ಕಷ್ಟವನ್ನು ಬಿಡಿಸಲು ಮುಂದೆ 17 ವರ್ಷ ಬೇಕಾಯಿತು.

ನಂತರದ ರೋಗಿಗಳೂ ಒಬ್ಬೊಬ್ಬರಾಗಿ ತೀರಿಕೊಂಡರು. ಮೊದಲ 16 ಜನರಲ್ಲಿ ಬದುಕಿದ್ದು ಒಬ್ಬರೇ. ಅವರು ಯಂತ್ರವಿಲ್ಲದೆಯೂ ಉಳಿಯುತ್ತಿದ್ದರೇನೋ ಎಂದು ಕೋಲ್ಫ್ ತಾವೇ ಒಪ್ಪಿಕೊಂಡರು. ಆದರೂ ಬಿಡಲಿಲ್ಲ. ಪ್ರತಿ ರೋಗಿಯ ರಕ್ತದ ಯೂರಿಯಾ ಎಷ್ಟಿತ್ತು, ಎಷ್ಟು ಇಳಿಯಿತು ಎಂಬುದನ್ನು ಬರೆದಿಟ್ಟರು. 1944ರಲ್ಲಿ ಬೆರ್ಕ್ ಅವರ ಹೆಸರನ್ನೂ ಜೊತೆಗಿಟ್ಟುಕೊಂಡು ಸ್ಕ್ಯಾಂಡಿನೇವಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ವೈದ್ಯನ ಪಕ್ಕದಲ್ಲಿ ಒಬ್ಬ ಪಾತ್ರೆ ಕಾರ್ಖಾನೆಯವನ ಹೆಸರು! ಆ ಯಂತ್ರದ ಹುಟ್ಟಿನ ಬಗ್ಗೆ ಇದಕ್ಕಿಂತ ಪ್ರಾಮಾಣಿಕ ದಾಖಲೆ ಇಲ್ಲ.

1945ರಲ್ಲಿ ನೆದರ್ಲೆಂಡ್ಸ್ ಬಿಡುಗಡೆಯಾಯಿತು. ನಾಜಿಗಳಿಗೆ ನೆರವಾದವರನ್ನು ಹಿಡಿದು ಜೈಲಿಗೆ ಹಾಕಲಾಯಿತು. ಸೆಪ್ಟೆಂಬರಿನಲ್ಲಿ ಅಂಥ ಕೈದಿಗಳಲ್ಲೊಬ್ಬಳಾದ 67 ವರ್ಷದ ಹೆಂಗಸನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಕೋಲ್ಫ್‌ರ ಬಳಿಗೆ ತಂದರು. ಪಿತ್ತಕೋಶದ ಸೋಂಕು, ಕಾಮಾಲೆ, ನಿಂತುಹೋದ ಮೂತ್ರ. ಊರಿನವರಿಗೆ ಅವಳ ಮೇಲೆ ಕಡುಕೋಪವಿತ್ತು. ಅವಳ ಪಕ್ಷದವರಿಂದಲೇ ಕೋಲ್ಫ್ ತಮ್ಮ ಗುರುವನ್ನು ಕಳೆದುಕೊಂಡಿದ್ದರು. ಅವರು ಅದ್ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಪೀಪಾಯಿಯನ್ನು ತಿರುಗಿಸಿದರು. ಹನ್ನೊಂದು ಗಂಟೆಗೂ ಹೆಚ್ಚು ಕಾಲ ಚಿಕಿತ್ಸೆ ನಡೆಯಿತು. ಅವಳು ಕಣ್ಣು ತೆರೆದಳು. ಕೆಲವು ದಿನಗಳಲ್ಲಿ ಅವಳ ಮೂತ್ರಪಿಂಡಗಳು ಮತ್ತೆ ಕೆಲಸ ಆರಂಭಿಸಿದವು. ಮುಂದೆ ಏಳು ವರ್ಷ ಬದುಕಿ ಬೇರೆ ಕಾರಣದಿಂದ ತೀರಿಕೊಂಡಳು.

ಕೃತಕ ಮೂತ್ರಪಿಂಡ ಉಳಿಸಿದ ಮೊದಲ ಜೀವ ಹೀಗೆ ಊರೆಲ್ಲ ಬೇಡವೆಂದ ಜೀವವಾಗಿತ್ತು. ಈ ಸಂಗತಿಗೆ ಇತಿಹಾಸದಲ್ಲಿ ದೊಡ್ಡ ತೂಕವಿದೆ. ಯಾಕೆಂದರೆ ಇದಾದ 17 ವರ್ಷಕ್ಕೆ ಇನ್ನೊಂದು ದೇಶದಲ್ಲಿ, ಅದೇ ಯಂತ್ರದ ಮುಂದೆ, ಯಾರು ಬದುಕಲು ಯೋಗ್ಯರು ಎಂದು ಕೇಳುವ ಸಮಿತಿಯೊಂದು ಕುಳಿತಿತ್ತು.

ಯುದ್ಧಕಾಲದಲ್ಲಿ ಕೋಲ್ಫ್ ಹಲವು ಯಂತ್ರಗಳನ್ನು ಕಟ್ಟಿ ಬೇರೆ ಬೇರೆ ಕಡೆ ಅಡಗಿಸಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಅವನ್ನು ಲಂಡನ್, ನ್ಯೂಯಾರ್ಕ್, ಮಾಂಟ್ರಿಯಲ್‌ಗಳ ಆಸ್ಪತ್ರೆಗಳಿಗೆ ಉಚಿತವಾಗಿ ಕೊಟ್ಟರು. ಪೇಟೆಂಟ್ ಮಾಡಿಸಲಿಲ್ಲ. ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಗೆ ನಕಾಶೆಗಳನ್ನೇ ಒಪ್ಪಿಸಿದರು. ಅಲ್ಲಿ ಕಾರ್ಲ್ ವಾಲ್ಟರ್ ಅದನ್ನು ಸುಧಾರಿಸಿ ಉಕ್ಕಿನಲ್ಲಿ ಕಟ್ಟಿದರು. 1950ರಲ್ಲಿ ಕೋಲ್ಫ್ ಕೂಡ ಅಮೆರಿಕಕ್ಕೆ ವಲಸೆ ಹೋದರು.

ಮಡಚಿದ ಟೆಫ್ಲಾನ್ ಕೊಳವೆ

ಕೊರಿಯಾ ಯುದ್ಧದಲ್ಲಿ ಅಮೆರಿಕದ ಸೇನೆ ರಣರಂಗದ ಸಮೀಪವೇ ಕೃತಕ ಮೂತ್ರಪಿಂಡದ ಘಟಕ ತೆರೆಯಿತು. ಗಾಯದ ಆಘಾತಕ್ಕೆ ಮೂತ್ರಪಿಂಡ ಸೋತ ಸೈನಿಕರಲ್ಲಿ ಮೊದಲು ಹತ್ತರಲ್ಲಿ ಒಂಬತ್ತು ಮಂದಿ ಸಾಯುತ್ತಿದ್ದರು. ಅದು ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಇವರೆಲ್ಲ ತಾತ್ಕಾಲಿಕವಾಗಿ ಮೂತ್ರಪಿಂಡ ನಿಂತವರು. ಒಂದೆರಡು ವಾರ ಯಂತ್ರ ಕೈಹಿಡಿದರೆ ಅವರ ದೇಹ ತಾನೇ ಸುಧಾರಿಸಿಕೊಳ್ಳುತ್ತಿತ್ತು. ಮೂತ್ರಪಿಂಡ ಶಾಶ್ವತವಾಗಿ ಕೆಟ್ಟವರಿಗೆ ವಾರಕ್ಕೆ ಎರಡು ಮೂರು ಬಾರಿ, ವರ್ಷಗಟ್ಟಲೆ ಚಿಕಿತ್ಸೆ ಬೇಕು. ಕಾಂಪೆನ್‌ನ ಆ ಹೆಣ್ಣುಮಗಳನ್ನು ಕಾಡಿದ ಸಮಸ್ಯೆ ಅವರ ಮುಂದೆ ಹಾಗೆಯೇ ನಿಂತಿತ್ತು.

ಅದನ್ನು ಬಿಡಿಸಿದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್. 1960ರ ಆರಂಭದಲ್ಲಿ ಅವರ ಬಳಿಗೆ ಬಂದ ರೋಗಿಯೊಬ್ಬ ಡಯಾಲಿಸಿಸ್‌ನಿಂದ ಚೇತರಿಸಿಕೊಂಡ. ಆದರೆ ಅವನ ಮೂತ್ರಪಿಂಡಗಳು ಶಾಶ್ವತವಾಗಿ ಕೆಟ್ಟಿವೆ ಎಂದು ತಿಳಿದಾಗ ಸಾಯಲು ಮನೆಗೆ ಕಳಿಸದೆ ಗತಿಯಿರಲಿಲ್ಲ. ಅದೇ ಕೊರಗಿನಲ್ಲಿದ್ದ ಸ್ಕ್ರಿಬ್ನರ್‌ಗೆ ಒಂದು ರಾತ್ರಿ ಎಚ್ಚರವಾಗಿ ಉಪಾಯ ಹೊಳೆಯಿತು. ಮುಂಗೈಯ ಅಪಧಮನಿಗೆ ಒಂದು ಕೊಳವೆ, ಪಕ್ಕದ ಅಭಿಧಮನಿಗೆ ಇನ್ನೊಂದು; ಎರಡನ್ನೂ ಅಲ್ಲಿಯೇ ಬಿಡುವುದು. ಚಿಕಿತ್ಸೆ ಇಲ್ಲದ ಹೊತ್ತಿನಲ್ಲಿ ಎರಡೂ ತುದಿಗಳನ್ನು ಒಂದು ಬಾಗಿದ ಕೊಳವೆಯಿಂದ ಜೋಡಿಸಿದರೆ ರಕ್ತ ಹರಿಯುತ್ತಲೇ ಇರುತ್ತದೆ, ಹೆಪ್ಪುಗಟ್ಟುವುದಿಲ್ಲ. ಸಹೋದ್ಯೋಗಿ ಶಸ್ತ್ರವೈದ್ಯರೊಬ್ಬರು ರಕ್ತ ಅಂಟದ ಟೆಫ್ಲಾನ್ ಬಳಸಲು ಸೂಚಿಸಿದರು. ಆಸ್ಪತ್ರೆಯ ಉಪಕರಣ ವಿಭಾಗದ ವೇಯ್ನ್ ಕ್ವಿಂಟನ್ ಆ ಕೊಳವೆಗಳನ್ನು ಕಾಯಿಸಿ ಬಾಗಿಸಿ ಆಕಾರಕ್ಕೆ ತಂದರು.

1960ರ ಮಾರ್ಚ್ 9ರಂದು ಬೋಯಿಂಗ್ ಕಾರ್ಖಾನೆಯ ಯಂತ್ರಕರ್ಮಿ ಕ್ಲೈಡ್ ಶೀಲ್ಡ್ಸ್ ಅವರ ಕೈಗೆ ಈ ಕೊಳವೆ ಕೂಡಿಸಲಾಯಿತು. ಸಾವಿನ ಅಂಚಿನಲ್ಲಿದ್ದ ಮನುಷ್ಯ ಮುಂದೆ 11 ವರ್ಷ ಬದುಕಿದರು. ಕೆಲವೇ ಇಂಚು ಉದ್ದದ ಒಂದು ವಸ್ತು, ಮೂತ್ರಪಿಂಡದ ಶಾಶ್ವತ ವೈಫಲ್ಯವನ್ನು ಮರಣದಂಡನೆಯ ಪಟ್ಟಿಯಿಂದ ತೆಗೆದು ಬಹುಕಾಲ ನಿಭಾಯಿಸಬಹುದಾದ ಕಾಯಿಲೆಗಳ ಸಾಲಿಗೆ ಸೇರಿಸಿತು.

ಏಳು ಜನರ ಸಮಿತಿ

ಇಲ್ಲಿಂದ ಕಥೆಯ ಕಷ್ಟದ ಭಾಗ. ವಾಸಿಯಾಗಿ ಮನೆಗೆ ಹೋಗುವ ರೋಗಿಯಾದರೆ ಅವನ ಹಾಸಿಗೆ ಇನ್ನೊಬ್ಬನಿಗೆ ಸಿಗುತ್ತದೆ. ಡಯಾಲಿಸಿಸ್ ರೋಗಿಯ ಹಾಸಿಗೆ ಅವನು ಬದುಕಿರುವವರೆಗೂ ಅವನದೇ. 1962ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ಲೋಕದ ಮೊದಲ ಹೊರರೋಗಿ ಡಯಾಲಿಸಿಸ್ ಕೇಂದ್ರ ತೆರೆದಾಗ ಇದ್ದದ್ದು ಮೂರು ಹಾಸಿಗೆ. ಒಬ್ಬ ರೋಗಿಗೆ ವರ್ಷಕ್ಕೆ ತಗಲುತ್ತಿದ್ದ ಖರ್ಚು ಹತ್ತು ಸಾವಿರ ಡಾಲರಿಗೂ ಹೆಚ್ಚು. ವಿಮಾ ಕಂಪನಿಗಳು ಇದಿನ್ನೂ ಪ್ರಯೋಗವೆಂದು ಕೈ ಎತ್ತಿದವು. ಬಾಗಿಲಲ್ಲಿ ನಿಂತವರೋ ಬಹಳ ಮಂದಿ.

ಮೊದಲು ವೈದ್ಯರೇ ಒಂದು ಜರಡಿ ಹಿಡಿದರು. 45 ದಾಟಿದವರು ಬೇಡ, ಮಕ್ಕಳು ಬೇಡ, ಬೇರೆ ಗಂಭೀರ ಕಾಯಿಲೆ ಇದ್ದವರು ಬೇಡ. ಅದಾದ ಮೇಲೂ ಉಳಿದವರಲ್ಲಿ ಯಾರನ್ನು ಆರಿಸುವುದು? ಈ ಭಾರವನ್ನು ಊರಿನ ವೈದ್ಯ ಸಂಘ ಏಳು ನಾಗರಿಕರ ಹೆಗಲಿಗೆ ಹಾಕಿತು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವ, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಶಸ್ತ್ರವೈದ್ಯ. ಅವರ ಹೆಸರುಗಳು ಗುಟ್ಟಾಗಿದ್ದವು. ರೋಗಿಗಳ ಹೆಸರನ್ನು ಅವರಿಗೆ ತಿಳಿಸುತ್ತಿರಲಿಲ್ಲ. ಸಂಬಳವಿಲ್ಲ, ಮಾರ್ಗಸೂಚಿಯಿಲ್ಲ. ಯಾವುದು ಮುಖ್ಯ, ಯಾವುದು ಅಲ್ಲ ಎಂಬುದನ್ನು ಅವರೇ ಗೊತ್ತುಮಾಡಿಕೊಳ್ಳಬೇಕಿತ್ತು.

ಅವರು ಪಟ್ಟಿ ಮಾಡಿದರು. ವಯಸ್ಸು, ಮದುವೆಯಾಗಿದೆಯೇ, ಮಕ್ಕಳೆಷ್ಟು, ಉದ್ಯೋಗವೇನು, ಆದಾಯವೆಷ್ಟು, ಓದು, ಮನಸ್ಸಿನ ಸ್ಥೈರ್ಯ, ಚರ್ಚಿಗೆ ಹೋಗುತ್ತಾರೆಯೇ, ಸಮಾಜಕ್ಕೆ ಏನು ಮಾಡಿದ್ದಾರೆ, ಮುಂದೇನು ಮಾಡಬಲ್ಲರು. ಇವರು ಕೆಟ್ಟವರಾಗಿರಲಿಲ್ಲ. ಕೈಗೆ ಬಂದ ಕೆಲಸದ ಭಾರದಲ್ಲಿ ನಿದ್ದೆ ಕಳೆದುಕೊಂಡ ಸಾಮಾನ್ಯ ಜನ. ಆದರೆ ಅವರ ಕೈಯಲ್ಲಿದ್ದ ಅಳತೆಗೋಲು ತಮ್ಮಂಥವರ ಬದುಕಿನದೇ. ಮನೆ, ಸಂಸಾರ, ಕೆಲಸ, ಚರ್ಚು ಇರುವವರು ಆ ಅಳತೆಗೆ ಹೊಂದಿದರು. ಒಂಟಿಗಳು, ಅಲೆಮಾರಿಗಳು, ಎಲ್ಲರಂತೆ ಬದುಕದವರು ಹೊಂದಲಿಲ್ಲ.

1962ರ ನವೆಂಬರಿನಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಶಾನಾ ಅಲೆಕ್ಸಾಂಡರ್ ಎಂಬ ಪತ್ರಕರ್ತೆ ಈ ಸಮಿತಿಯ ಬಗ್ಗೆ ದೀರ್ಘ ವರದಿ ಬರೆದರು. ಅಮೆರಿಕ ಬೆಚ್ಚಿತು. ಕೆಲವು ವರ್ಷಗಳ ನಂತರ ಕಾನೂನು ಪತ್ರಿಕೆಯೊಂದರಲ್ಲಿ ಇಬ್ಬರು ಲೇಖಕರು, ಕಾಡಿನಲ್ಲಿ ಒಂಟಿಯಾಗಿ ಬದುಕಿದ ಹೆನ್ರಿ ಡೇವಿಡ್ ಥೋರೊನಂಥ ಚಿಂತಕನಿಗೆ ಮೂತ್ರಪಿಂಡ ಕೆಟ್ಟರೆ ಆ ನಾಡಿನಲ್ಲಿ ಜಾಗವಿಲ್ಲ ಎಂಬರ್ಥದ ಮಾತು ಬರೆದರು. ವೈದ್ಯಕೀಯ ನೀತಿಶಾಸ್ತ್ರ ಒಂದು ಪ್ರತ್ಯೇಕ ಅಧ್ಯಯನವಾಗಿ ಬೆಳೆದದ್ದಕ್ಕೆ ಈ ಸಮಿತಿಯ ಸುತ್ತಲಿನ ವಾದವೂ ಒಂದು ಮುಖ್ಯ ಕಾರಣವೆಂದು ಇತಿಹಾಸಕಾರರು ಗುರುತಿಸುತ್ತಾರೆ.

ವಾದ ನಡೆಯುತ್ತಿದ್ದಾಗಲೇ ಸಮಿತಿಯನ್ನು ಅನಗತ್ಯ ಮಾಡುವ ಕೆಲಸವೂ ನಡೆಯುತ್ತಿತ್ತು. ಹದಿಹರೆಯದ ಹುಡುಗಿಯೊಬ್ಬಳಿಗೆ ಮೂತ್ರಪಿಂಡ ಸೋತಿತು. ವಯಸ್ಸಿನ ಕಾರಣದಿಂದ ಕೇಂದ್ರದಲ್ಲಿ ಅವಳಿಗೆ ಜಾಗ ಸಿಗಲಿಲ್ಲ. ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಾಧ್ಯಾಪಕ ಆಲ್ಬರ್ಟ್ ಬ್ಯಾಬ್ ಮತ್ತು ತಂಡದವರು ಕೆಲವೇ ತಿಂಗಳಲ್ಲಿ ಒಬ್ಬರೇ ರೋಗಿ ಮನೆಯಲ್ಲಿಟ್ಟುಕೊಂಡು ನಡೆಸಬಹುದಾದ ಯಂತ್ರವನ್ನು ಕಟ್ಟಿದರು. 1964ರಲ್ಲಿ ಆ ಹುಡುಗಿ ಮನೆಯಲ್ಲೇ ಡಯಾಲಿಸಿಸ್ ಆರಂಭಿಸಿದಳು. 1966ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಸಿಮಿನೊ, ಮೈಕಲ್ ಬ್ರೆಷಿಯಾ ಮತ್ತು ಸಂಗಡಿಗರು ಹೊರಗಿನ ಕೊಳವೆಯೇ ಬೇಡವೆಂದು ತೋರಿಸಿದರು. ಮುಂಗೈಯ ಚರ್ಮದಡಿ ಅಪಧಮನಿಯನ್ನು ಅಭಿಧಮನಿಗೆ ಹೊಲಿದರೆ ಅಭಿಧಮನಿ ಉಬ್ಬಿ ಬಲವಾಗುತ್ತದೆ; ಅದಕ್ಕೆ ಮತ್ತೆ ಮತ್ತೆ ಸೂಜಿ ಚುಚ್ಚಬಹುದು. ಇಂದು ನಮ್ಮ ಡಯಾಲಿಸಿಸ್ ಕೇಂದ್ರಗಳಲ್ಲಿ ರೋಗಿಗಳು ಮೊದಲು ಕಲಿಯುವ ಮಾತು ‘ಫಿಸ್ಟುಲಾ’. ಅದು ಇದೇ.

ಇನ್ನೊಂದು ದಾರಿ

ಯಂತ್ರಕ್ಕೆ ಒಂದು ಮಿತಿಯಿದೆ. ಆರೋಗ್ಯವಂತ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನೆಲ್ಲ ಮರಳಿ ಪಡೆದು, ಒಂದೂವರೆ ಲೀಟರಿನಷ್ಟನ್ನು ಹೊರಹಾಕುತ್ತವೆ. ಹಗಲೂ ರಾತ್ರಿ ಬಿಡುವಿಲ್ಲದೆ. ಯಂತ್ರ ಸೋಸುವುದು ವಾರಕ್ಕೆ ಹನ್ನೆರಡು ಗಂಟೆ. ಅಲ್ಲದೆ ಮೂತ್ರಪಿಂಡ ರಕ್ತ ಹುಟ್ಟಿಸುವ ಎರಿಥ್ರೊಪೊಯೆಟಿನ್ ತಯಾರಿಸುತ್ತದೆ, ಎಲುಬಿಗೆ ಬೇಕಾದ ಡಿ ಜೀವಸತ್ವವನ್ನು ಚುರುಕುಗೊಳಿಸುತ್ತದೆ. ಯಂತ್ರ ಇವೆರಡನ್ನೂ ಮಾಡಲಾರದು. ಪೂರ್ತಿ ಕೆಲಸಕ್ಕೆ ಇನ್ನೊಂದು ಜೀವಂತ ಮೂತ್ರಪಿಂಡವೇ ಬೇಕು.

1933ರಲ್ಲಿ ಉಕ್ರೇನಿನ ಖೆರ್ಸೊನ್‌ನಲ್ಲಿ ಯೂರಿ ವೊರೊನೊಯ್ ಮೃತ ವ್ಯಕ್ತಿಯ ಮೂತ್ರಪಿಂಡವನ್ನು ರೋಗಿಯೊಬ್ಬಳಿಗೆ ಜೋಡಿಸಿದ್ದರು. ಆಕೆ ಎರಡು ದಿನ ಬದುಕಿದಳು. ಪರರ ಅಂಗವನ್ನು ದೇಹ ಶತ್ರುವೆಂದು ಗುರುತಿಸಿ ತಿರಸ್ಕರಿಸುತ್ತದೆ ಎಂಬುದನ್ನು ಯುದ್ಧಕಾಲದಲ್ಲಿ ಸುಟ್ಟಗಾಯದವರ ಚರ್ಮಕಸಿಯನ್ನು ಅಭ್ಯಸಿಸಿದ ಬ್ರಿಟನ್ನಿನ ಪೀಟರ್ ಮೆಡವಾರ್ ಖಚಿತಪಡಿಸಿದರು. ಹಾಗಿದ್ದರೆ ದೇಹ ಪರರದೆಂದು ಗುರುತಿಸದ ಅಂಗ ಯಾರದ್ದು? ಅವಳಿಯದ್ದು.

ಕೋಲ್ಫ್ ನಕಾಶೆ ಕೊಟ್ಟಿದ್ದ ಬಾಸ್ಟನ್ನಿನ ಅದೇ ಆಸ್ಪತ್ರೆಗೆ 1954ರಲ್ಲಿ ರಿಚರ್ಡ್ ಹೆರಿಕ್ ದಾಖಲಾದರು. ಅವರ ತದ್ರೂಪಿ ಅವಳಿ ರೊನಾಲ್ಡ್ ತನ್ನದೊಂದು ಮೂತ್ರಪಿಂಡ ಕೊಡಲು ಮುಂದಾದರು. ಇಬ್ಬರೂ ನಿಜಕ್ಕೂ ತದ್ರೂಪಿಗಳೇ ಎಂದು ತಿಳಿಯಲು ಬೆರಳಚ್ಚು ನೋಡಿದರು, ಒಬ್ಬರ ಚರ್ಮದ ತುಣುಕನ್ನು ಇನ್ನೊಬ್ಬರಿಗೆ ಕಸಿ ಮಾಡಿ ಕಾದರು. ಆರೋಗ್ಯವಂತನ ದೇಹವನ್ನು ಅವನ ಒಳಿತಿಗಲ್ಲದೆ ಇನ್ನೊಬ್ಬನಿಗಾಗಿ ಕೊಯ್ಯಬಹುದೇ ಎಂದು ವೈದ್ಯರು ಧರ್ಮಗುರುಗಳನ್ನೂ ವಕೀಲರನ್ನೂ ಕೇಳಿದರು. ಡಿಸೆಂಬರ್ 23ರಂದು ಜೋಸೆಫ್ ಮರ್ರೆ ನೇತೃತ್ವದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಕಸಿಯಾದ ಮೂತ್ರಪಿಂಡ ಕೂಡಲೇ ಕೆಲಸ ಆರಂಭಿಸಿತು. ರಿಚರ್ಡ್ ಎಂಟು ವರ್ಷ ಬದುಕಿದರು, ತನ್ನನ್ನು ನೋಡಿಕೊಂಡ ದಾದಿಯನ್ನೇ ಮದುವೆಯಾದರು. ರೊನಾಲ್ಡ್ ಒಂದೇ ಮೂತ್ರಪಿಂಡದಲ್ಲಿ 2010ರವರೆಗೆ ಬಾಳಿದರು. 1990ರಲ್ಲಿ ಮರ್ರೆ ಅವರಿಗೆ ನೊಬೆಲ್ ಬಂತು.

ಅವಳಿ ಇಲ್ಲದವರಿಗೆ ಔಷಧ ಬೇಕಿತ್ತು. 1960ರ ದಶಕದ ಮೊದಲ ವರ್ಷಗಳಲ್ಲಿ ಬ್ರಿಟನ್ನಿನ ರಾಯ್ ಕಾಲ್ನ್ ಮತ್ತು ಮರ್ರೆ ಅಜಾಥಯೊಪ್ರಿನ್ ಬಳಸಿದರು. ಡೆನ್ವರ್‌ನ ಥಾಮಸ್ ಸ್ಟಾರ್ಜಲ್ ಅದಕ್ಕೆ ಸ್ಟಿರಾಯ್ಡ್ ಸೇರಿಸಿ ಫಲಿತಾಂಶವನ್ನು ಬಹಳ ಸುಧಾರಿಸಿದರು. ನಾರ್ವೆಯ ಮಣ್ಣಿನ ಶಿಲೀಂಧ್ರವೊಂದರಿಂದ ಬಂದ ಸೈಕ್ಲೊಸ್ಪೊರಿನ್ 1980ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಕಸಿ ಶಸ್ತ್ರಚಿಕಿತ್ಸೆ ಲೋಕದಾದ್ಯಂತ ಹಬ್ಬಿತು. ಯಕೃತ್ತು, ಹೃದಯಗಳ ಕಸಿಯೂ ಅದರ ಬಲದಿಂದಲೇ ನಿಂತಿತು.

ಶಾಸನ ಕೊಟ್ಟ ಉತ್ತರ

1971ರ ನವೆಂಬರ್ 4ರಂದು ಅಮೆರಿಕ ಸಂಸತ್ತಿನ ಸಮಿತಿಯೊಂದರ ಮುಂದೆ ರೋಗಿಗಳ ಸಂಘದ ಪದಾಧಿಕಾರಿಯೊಬ್ಬರು ಡಯಾಲಿಸಿಸ್ ಯಂತ್ರಕ್ಕೆ ಜೋಡಿಸಿಕೊಂಡೇ ಸಾಕ್ಷ್ಯ ನುಡಿದರು. ಮರುವರ್ಷ ಸೆನೆಟ್ ಅರ್ಧ ಗಂಟೆಯಷ್ಟು ಚರ್ಚೆಯಲ್ಲಿ ತಿದ್ದುಪಡಿಯೊಂದನ್ನು ಒಪ್ಪಿತು. 1972ರ ಅಕ್ಟೋಬರ್ 30ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಮುಖ್ಯವಾಗಿ ವೃದ್ಧರಿಗಿದ್ದ ಸರ್ಕಾರಿ ವಿಮೆ ಮೂತ್ರಪಿಂಡ ವೈಫಲ್ಯದ ಬಹುತೇಕ ಎಲ್ಲ ರೋಗಿಗಳಿಗೂ, ವಯಸ್ಸಿನ ಹಂಗಿಲ್ಲದೆ, ಡಯಾಲಿಸಿಸ್‌ಗೂ ಕಸಿಗೂ ಸಿಗುವಂತಾಯಿತು. 1973ರ ಜುಲೈಯಲ್ಲಿ ಜಾರಿಗೆ ಬಂತು. ಯಾರು ಬದುಕಲು ಯೋಗ್ಯರು ಎಂದು ಅಳೆಯುವ ಸಮಿತಿಗೆ ಅಲ್ಲಿ ಇನ್ನು ಕೆಲಸವಿರಲಿಲ್ಲ.

ಕೋಲ್ಫ್ ಅಲ್ಲಿಗೇ ನಿಲ್ಲಲಿಲ್ಲ. 1967ರಲ್ಲಿ ಯೂಟಾ ವಿಶ್ವವಿದ್ಯಾಲಯಕ್ಕೆ ಹೋಗಿ ಕೃತಕ ಹೃದಯದ ಕೆಲಸ ಮುಂದುವರಿಸಿದರು. 1982ರ ಡಿಸೆಂಬರಿನಲ್ಲಿ ಅಲ್ಲಿ ಅಳವಡಿಸಿದ ಜಾರ್ವಿಕ್-7 ಎಂಬ ಕೃತಕ ಹೃದಯದಿಂದ ರೋಗಿಯೊಬ್ಬರು 112 ದಿನ ಬದುಕಿದರು. ಕೋಲ್ಫ್ 2009ರ ಫೆಬ್ರವರಿಯಲ್ಲಿ, 98 ತುಂಬಲು ಮೂರು ದಿನವಿರುವಾಗ ತೀರಿಕೊಂಡರು. ಅವರು ತೆರೆದ ಹಾದಿಯಲ್ಲಿ ಇಂದು ದೇಹದೊಳಗೆ ಇಡಬಹುದಾದ ಕೃತಕ ಮೂತ್ರಪಿಂಡದ ಪ್ರಯತ್ನಗಳು ನಡೆದಿವೆ. 2024ರ ಮಾರ್ಚ್‌ನಲ್ಲಿ ಅದೇ ಬಾಸ್ಟನ್ ನಗರದಲ್ಲಿ, ವಂಶವಾಹಿಗಳನ್ನು ತಿದ್ದಿದ ಹಂದಿಯ ಮೂತ್ರಪಿಂಡವನ್ನು ಮೊದಲ ಬಾರಿಗೆ ಜೀವಂತ ರೋಗಿಗೆ ಕಸಿ ಮಾಡಲಾಯಿತು. ಅವರು ಸುಮಾರು ಎರಡು ತಿಂಗಳು ಬದುಕಿದರು.

ನಮ್ಮ ಪಾಲಿನ ಪ್ರಶ್ನೆ

ಭಾರತಕ್ಕೆ ಈ ಚಿಕಿತ್ಸೆಗಳು ತಡವಾಗಿ ಬರಲಿಲ್ಲ. 1960ರ ದಶಕದಲ್ಲೇ ಡಯಾಲಿಸಿಸ್ ಬಂತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ದೇಶದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆಯಿತು. ತಡವಾದದ್ದು ಸಾರ್ವಜನಿಕ ನಿರ್ಧಾರ. ಸಿಯಾಟಲ್‌ನ ಸಮಿತಿ ಮಾಡಿದ ಕೆಲಸವನ್ನು ನಮ್ಮಲ್ಲಿ ದಶಕಗಳ ಕಾಲ ಬಡತನವೇ ಮಾಡಿತು. ಹೊಲ ಮಾರಿ, ಒಡವೆ ಅಡವಿಟ್ಟು ಕೆಲವು ತಿಂಗಳು ಡಯಾಲಿಸಿಸ್ ಮಾಡಿಸಿ, ಹಣ ಮುಗಿದ ಮೇಲೆ ಮನೆಗೆ ಮರಳಿದವರ ಸಾವು ಯಾವ ದಾಖಲೆಯಲ್ಲೂ ನಿರಾಕರಣೆ ಎಂದು ನಮೂದಾಗಲಿಲ್ಲ. ಉಳ್ಳವರು ಬಡವರ ಮೂತ್ರಪಿಂಡ ಕೊಂಡರು. ಬೆಂಗಳೂರೂ ಆ ಮಾರುಕಟ್ಟೆಯ ಭಾಗವಾಗಿತ್ತು. 1994ರ ಮಾನವ ಅಂಗಗಳ ಕಸಿ ಕಾಯ್ದೆ ಅಂಗಗಳ ಮಾರಾಟವನ್ನು ಅಪರಾಧವೆಂದು ಸಾರಿತು, ಮಿದುಳು ನಿಷ್ಕ್ರಿಯತೆಯನ್ನು ಮರಣವೆಂದು ಒಪ್ಪಿ ಮೃತರ ಅಂಗಾಂಗ ದಾನಕ್ಕೆ ದಾರಿ ತೆರೆಯಿತು. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾಗಿ, ಜಿಲ್ಲಾಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಸಿಗತೊಡಗಿತು. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಯಂತ್ರಗಳು ಬಂದಿವೆ. ಆದರೆ ಯಂತ್ರ ಕೂತ ಮಾತ್ರಕ್ಕೆ ಕೆಲಸ ಮುಗಿಯದು. ನುರಿತ ತಂತ್ರಜ್ಞರು, ಶುದ್ಧ ನೀರು, ನಿಯಮಿತವಾಗಿ ಔಷಧ, ಯಂತ್ರ ಕೆಟ್ಟರೆ ಕೂಡಲೇ ರಿಪೇರಿ, ಇವೆಲ್ಲ ವಾರ ವಾರವೂ ತಪ್ಪದೆ ನಡೆಯಬೇಕು. ಡಯಾಲಿಸಿಸ್ ರೋಗಿಗೆ ಒಂದು ವಾರದ ಅಡಚಣೆಯೂ ಪ್ರಾಣಾಪಾಯ.

ಕಸಿಯ ವಿಷಯದಲ್ಲಿ ಕೊರತೆ ಇನ್ನೂ ದೊಡ್ಡದು. ನಮ್ಮಲ್ಲಿ ಬಹುಪಾಲು ಮೂತ್ರಪಿಂಡಗಳು ಬರುವುದು ಜೀವಂತ ದಾನಿಗಳಿಂದ, ಅವರಲ್ಲೂ ಹೆಚ್ಚಿನವರು ತಾಯಂದಿರು, ಹೆಂಡತಿಯರು. ಮೃತರ ಅಂಗಾಂಗ ದಾನ ಹತ್ತು ಲಕ್ಷ ಜನಸಂಖ್ಯೆಗೆ ಒಂದನ್ನೂ ಮುಟ್ಟುವುದಿಲ್ಲ. 2021ರ ಜೂನ್‌ನಲ್ಲಿ ಅಪಘಾತಕ್ಕೀಡಾದ ರಾಷ್ಟ್ರಪ್ರಶಸ್ತಿ ವಿಜೇತ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ, ಕುಟುಂಬದವರು ಅಷ್ಟು ದುಃಖದಲ್ಲೂ ಅವರ ಅಂಗಾಂಗಗಳನ್ನು ದಾನ ಮಾಡಿದರು. ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆ ಸರದಿಯ ಪ್ರಕಾರ ಅಂಗಾಂಗಗಳನ್ನು ಹಂಚುತ್ತದೆ. ಆ ಸರದಿಯಲ್ಲಿ ಜಾತಿ, ಸಂಬಳ, ಸಮಾಜದಲ್ಲಿನ ಸ್ಥಾನ ಇವುಗಳ ಲೆಕ್ಕವಿಲ್ಲ; ರಕ್ತದ ಗುಂಪು, ಹೊಂದಾಣಿಕೆ, ಕಾದ ಕಾಲ ಇವೇ ಲೆಕ್ಕ. ಸಿಯಾಟಲ್ ಕಲಿಸಿದ ಪಾಠದ ಫಲ ಅದು.

ಕೋಲ್ಫ್ ತಮ್ಮ ಯಂತ್ರವನ್ನು ಉಚಿತವಾಗಿ ಹಂಚಿದರು, ಊರಿನ ಶತ್ರುವಿಗೂ ಅದನ್ನು ನಿರಾಕರಿಸಲಿಲ್ಲ. ಅದೇ ಈ ಚಿಕಿತ್ಸೆಯ ಮೂಲ ಧರ್ಮ. ಅದನ್ನು ಉಳಿಸಿಕೊಳ್ಳಲು ಸರ್ಕಾರ ಮಾಡಬೇಕಾದ್ದು ತಾಲ್ಲೂಕಿನ ಡಯಾಲಿಸಿಸ್ ಘಟಕಗಳನ್ನು ಒಂದು ದಿನವೂ ನಿಲ್ಲದಂತೆ ನಡೆಸುವುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಮತ್ತು ಮೂತ್ರದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇನ್ನು ಓದುಗರಾದ ನೀವು, ನಿಮ್ಮ ನಂತರ ನಿಮ್ಮ ಅಂಗಾಂಗಗಳು ಇನ್ನೊಬ್ಬರಿಗೆ ಸಲ್ಲಲಿ ಎಂಬ ಇಚ್ಛೆಯಿದ್ದರೆ, ನೋಂದಣಿ ಮಾಡಿಸಿ ಸುಮ್ಮನಾಗಬೇಡಿ. ಮನೆಯವರಿಗೂ ಸ್ಪಷ್ಟವಾಗಿ ಹೇಳಿ. ಆ ಗಳಿಗೆಯಲ್ಲಿ ಒಪ್ಪಿಗೆ ಕೊಡಬೇಕಾದವರು ಅವರೇ.